ಒಲವಿಯೊಳಗೆ ಇದ್ದಾಕಿ

ಬೆಳಗಿನ ಏಳಕ್ಕೆ ಸರಿಯಾಗಿ ಮೈಸೂರಿನ ಒಂದು ಮನೆಯಲ್ಲಿ ಒಲವಿ ಎಂಬ ಯಂತ್ರ ಕಣ್ಣು ಬಿಡುತ್ತಿತ್ತು. ಅದೇ ಗಳಿಗೆಗೆ ಗದಗದಲ್ಲಿ, ಮುಚ್ಚಿಹೋದ ನೂಲಿನ ಗಿರಣಿಯೊಂದರ ಶೆಡ್ಡಿನಲ್ಲಿ, ಹದಿನೇಳನೆಯ ಕುರ್ಚಿಯ ಮೇಲೆ ಕೂತ ಫಕೀರವ್ವ ಬಡಿಗೇರ ಕೈಗವಸಿನ ಪಟ್ಟಿ ಬಿಗಿದುಕೊಂಡು ಮುಖಕ್ಕೆ ದೊಡ್ಡ ಕಪ್ಪು ಕನ್ನಡಕ ಕಟ್ಟಿಕೊಳ್ಳುತ್ತಿದ್ದಳು. ಒಲವಿಯ ಕಣ್ಣಿಗೆ ಬಿದ್ದದ್ದು ಅವಳ ಕಣ್ಣಿಗೂ ಬೀಳುತ್ತಿತ್ತು. ಅವಳು ಬೆರಳು ಮಡಿಸಿದರೆ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಒಲವಿಯ ಬೆರಳು ಮಡಚಿಕೊಳ್ಳುತ್ತಿತ್ತು. ಒಲವಿಯ ಅಂಗೈ ಮೆತ್ತನೆಯ ರಬ್ಬರಿನದು. ಅದರ ಅಡಿಯಲ್ಲಿ ಹುದುಗಿಸಿದ್ದ ತಂತಿಗಳು ಮುಟ್ಟಿದ್ದರ ಬಿಸಿ, ತಂಪು, ಒದ್ದೆ, ಒರಟು ಎಲ್ಲವನ್ನೂ ಅಳೆದು ಗದಗಕ್ಕೆ ಕಳಿಸುತ್ತಿದ್ದವು. ಇಲ್ಲಿ ಕೈಗವಸು ಅಷ್ಟೇ ಬಿಸಿಯಾಗುತ್ತಿತ್ತು, ಅಷ್ಟೇ ತಂಪಾಗುತ್ತಿತ್ತು. ಹಾಗಾಗಿ ನಾಲ್ಕು ವರ್ಷದ ಇಳಾಳ ಹಣೆ ಮುಟ್ಟಿ ಜ್ವರವಿದೆಯೋ ಇಲ್ಲವೋ ಹೇಳುವುದು ಫಕೀರವ್ವನಿಗೆ ಕಷ್ಟವೇ ಆಗಿರಲಿಲ್ಲ.

ಆಗದೆ ಇದ್ದದ್ದೆಂದರೆ ತನ್ನ ದನಿಯಲ್ಲಿ ಮಾತಾಡುವುದು. ಅವಳು ಇಲ್ಲಿ, "ಏಳವ್ವ ಇಳಾ, ಬೆಳಗಾತು" ಎಂದರೆ ನಡುವೆ ಒಂದು ಯಂತ್ರ ಆ ಮಾತನ್ನು ಸೋಸಿ, ತೊಳೆದು, ಇಪ್ಪತ್ತೈದರ ಹುಡುಗಿಯ ಇಂಪಾದ ಕಂಠದಲ್ಲಿ, "ಏಳು ಪುಟ್ಟಾ, ಬೆಳಗಾಯ್ತು" ಎಂದು ಮೈಸೂರಿಗೆ ದಾಟಿಸುತ್ತಿತ್ತು. ಹೀಗೆ ಅವಳು ಆ ಕುರ್ಚಿಯಲ್ಲಿ ಕೂತು ಎರಡು ವರ್ಷದ ಮೇಲೆ ಎರಡು ತಿಂಗಳಾಗಿತ್ತು. ಇಳಾ ಒಮ್ಮೆಯೂ ಫಕೀರವ್ವನ ದನಿ ಕೇಳಿರಲಿಲ್ಲ. ಅವಳ ತಾಯಿ ವಿನುತಾ ಕೂಡ ಕೇಳಿರಲಿಲ್ಲ. ದನಿಯ ಮಾತು ಹಾಗಿರಲಿ, ಒಲವಿಯ ಹಿಂದೆ ಒಬ್ಬ ಹೆಂಗಸು ಕೂತಿದ್ದಾಳೆ ಎಂಬುದೇ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದಕ್ಕೆ ಕಾರಣವಿತ್ತು. ಮನೆಗೆಲಸದವರ ಕಾಯ್ದೆ ಬಂದು ಒಂಬತ್ತು ವರ್ಷವಾಗಿತ್ತು. ಮಗು ನೋಡಿಕೊಳ್ಳುವವರಾಗಲಿ, ಅಡುಗೆಯವರಾಗಲಿ, ಮನೆಯೊಳಗೆ ಕೆಲಸಕ್ಕೆ ಇಟ್ಟುಕೊಂಡವರಿಗೆ ಹೆಸರು ಬರೆದ ನೇಮಕದ ಪತ್ರ ಕೊಡಬೇಕು. ದಿನಕ್ಕೆ ಎಂಟು ಗಂಟೆ ಮೀರಿ ದುಡಿಸಬಾರದು. ವಾರಕ್ಕೊಂದು ದಿನ ಬಿಡುವು, ಕಾಯಿಲೆಯಾದರೆ ರಜೆ. ಬಿಡಿಸುವುದಾದರೆ ಒಂದು ತಿಂಗಳು ಮೊದಲೇ ತಿಳಿಸಬೇಕು. ಕಾಯ್ದೆ ಚೆನ್ನಾಗಿತ್ತು. ಆದರೆ ಬಹಳ ಮನೆಗಳಿಗೆ ಅದು ಬೇಡದ ತಲೆನೋವಾಯಿತು. ಆಗ 'ಆಪ್ತಹಸ್ತ' ಎಂಬ ಕಂಪನಿ ಒಲವಿಯನ್ನು ತಂದಿತು. ತಾನೇ ಯೋಚಿಸಬಲ್ಲ ಯಂತ್ರ, ರಜೆ ಕೇಳುವುದಿಲ್ಲ, ಪತ್ರ ಕೇಳುವುದಿಲ್ಲ ಎಂದು ಜಾಹೀರಾತು ಕೊಟ್ಟಿತು. ನಿಜ ಹೇಳಬೇಕೆಂದರೆ ಆ ಯಂತ್ರಕ್ಕೆ ನೆಲ ಗುಡಿಸಲು ಬರುತ್ತಿತ್ತು, ಬಟ್ಟೆ ಮಡಿಸಲು ಬರುತ್ತಿತ್ತು. ಮಗು ಹಸಿವಿಗೆ ಅಳುತ್ತಿದೆಯೋ ನಿದ್ದೆಗೆ ಅಳುತ್ತಿದೆಯೋ ಎಂಬುದು ಮಾತ್ರ ಎಷ್ಟು ಕಲಿಸಿದರೂ ತಿಳಿಯಲಿಲ್ಲ. ಕೊನೆಗೆ ಕಂಪನಿ ಗದಗದ ಶೆಡ್ಡಿನಲ್ಲಿ ನಲವತ್ತು ಕುರ್ಚಿ ಹಾಕಿ, ಮಕ್ಕಳನ್ನು ಬೆಳೆಸಿ ಗೊತ್ತಿದ್ದ ನಲವತ್ತು ಹೆಂಗಸರನ್ನು ಕೂರಿಸಿತು. ಕಾಗದದಲ್ಲಿ ಅವರು 'ಯಂತ್ರ ಚಾಲಕಿಯರು'. ಮನೆಗೆಲಸದ ಕಾಯ್ದೆ ಅವರಿಗೆ ಅಂಟುವುದಿಲ್ಲ, ಯಾಕೆಂದರೆ ಅವರು ಯಾರ ಮನೆಯಲ್ಲೂ ಇಲ್ಲ.

ಕುರ್ಚಿಯಲ್ಲಿ ಕೂತವರು ಹೆಸರು ಹೇಳುವಂತಿಲ್ಲ, ತಮ್ಮೂರಿನ ಸುದ್ದಿ ಎತ್ತುವಂತಿಲ್ಲ. ಬಚ್ಚಲಿಗೆ ಹೋಗಬೇಕೆನಿಸಿದರೆ ಒಂದು ಗುಂಡಿ ಒತ್ತಬೇಕು. ಆಗ ಒಲವಿ, "ಸ್ವಲ್ಪ ಚಾರ್ಜ್ ಮಾಡ್ಕೊಂಡು ಬರ್ತೀನಿ" ಎಂದು ಮೂಲೆಗೆ ಹೋಗಿ ನಿಲ್ಲುತ್ತದೆ. ಅದು ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಆರು ನಿಮಿಷ. ಏಳರಿಂದ ಏಳರವರೆಗೆ ಹನ್ನೆರಡು ಗಂಟೆಯಲ್ಲಿ ಅದಕ್ಕಿಂತ ಹೆಚ್ಚು ಚಾರ್ಜ್ ಒಲವಿಗೆ ಬೇಕಿರಲಿಲ್ಲ.

ಫಕೀರವ್ವನಿಗೆ ನಲವತ್ತೆಂಟು. ಗಂಡ ತೀರಿಕೊಂಡು ಇಪ್ಪತ್ತು ವರ್ಷ. ಹೊಟ್ಟೆಯಲ್ಲಿ ಹುಟ್ಟಿದವರು ಯಾರೂ ಇಲ್ಲ. ಹುಬ್ಬಳ್ಳಿಯ ಮನೆಗಳಲ್ಲಿ ಹನ್ನೊಂದು ಮಕ್ಕಳನ್ನು ಎತ್ತಿ ಆಡಿಸಿದ್ದಳು. ಈಗ ಬೆಟಗೇರಿಯಲ್ಲಿ ಒಂದು ಕೋಣೆ. ಸಂಜೆ ಕನ್ನಡಕ ಬಿಚ್ಚಿ ಎದ್ದು ನಿಂತರೆ ಸೊಂಟ ಹಿಡಿದಿರುತ್ತಿತ್ತು. ಮನೆಗೆ ಬಂದು ಒಂದೇ ರೊಟ್ಟಿಯ ಹಿಟ್ಟು ನಾದುವಾಗ ಬೆರಳ ತುದಿಯಲ್ಲಿ ಇನ್ನೂ ಇಳಾಳ ಒದ್ದೆ ಕೂದಲು ಆಡುತ್ತಿದ್ದಂತೆ ಅನಿಸುತ್ತಿತ್ತು. ದಿನವಿಡೀ ಮಾತಾಡಿಯೂ ಅವಳ ಮಾತನ್ನು ಯಾರೂ ಕೇಳಿರುತ್ತಿರಲಿಲ್ಲ. ಕೆಲವೊಮ್ಮೆ ರೊಟ್ಟಿ ತಟ್ಟುತ್ತಾ ಅವಳು ಸುಮ್ಮನೆ, "ಫಕೀರವ್ವಾ" ಎಂದು ತನ್ನನ್ನೇ ಕೂಗಿ ನೋಡಿಕೊಳ್ಳುತ್ತಿದ್ದಳು.

ವಿನುತಾ ಬೀಜಗಳ ಸಂಶೋಧನಾಲಯದಲ್ಲಿ ವಿಜ್ಞಾನಿ. ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ. ಗಂಡ ಹಡಗಿನ ಇಂಜಿನಿಯರ್, ವರ್ಷಕ್ಕೆ ಎರಡು ಸಲ ಮನೆಗೆ ಬರುವವನು. ಫೋನಿನಲ್ಲಿ ಅವನ ಜೊತೆ ಜಗಳವಾಡಿ ವಿನುತಾ ಅಡುಗೆಮನೆಯ ಕಟ್ಟೆಗೆ ತಲೆ ಕೊಟ್ಟು ಅಳುತ್ತಿದ್ದಳು. ಒಲವಿ ಅಲ್ಲೇ ತಟ್ಟೆ ಒರೆಸುತ್ತಾ ನಿಂತಿರುತ್ತಿತ್ತು. ಫ್ರಿಜ್ಜಿನ ಎದುರು ಯಾರೂ ಕಣ್ಣೀರು ಮುಚ್ಚಿಕೊಳ್ಳುವುದಿಲ್ಲವಲ್ಲ, ಹಾಗೆ. ವಿನುತಾ ಬಟ್ಟೆ ಬದಲಿಸಲು ನಿಂತಾಗ ಮಾತ್ರ ಒಲವಿ ತಟ್ಟನೆ ಗೋಡೆಯ ಕಡೆ ತಿರುಗಿಬಿಡುತ್ತಿತ್ತು. ಕತ್ತಿನ ಭಾಗದಲ್ಲಿ ಏನೋ ದೋಷವಿದೆ ಎಂದು ವಿನುತಾ ಅದನ್ನು ಎರಡು ಸಲ ರಿಪೇರಿಗೂ ಕೊಟ್ಟಿದ್ದಳು.

ಶ್ರಾವಣದಲ್ಲಿ ಫಕೀರವ್ವನಿಗೆ ಚಳಿಜ್ವರ ಬಂತು. ಶೆಡ್ಡಿನ ಮೇಲ್ವಿಚಾರಕ ಉಮಾಪತಿಯ ಹತ್ತಿರ ಹೋಗಿ ಎರಡು ದಿನ ರಜೆ ಕೇಳಿದಳು.

"ಬ್ಯಾರೆ ಯಾರನ್ನರ ಕುಂದರಸ್ರಿ ಸರ್. ಕೈ ನಡಗಾಕತ್ತಾವ."

"ಬ್ಯಾರೆಯವರು ಕುಂತ್ರ ಆ ಕೂಸು ಊಟ ಬಿಡತೈತಿ. ಹೋದ ವರ್ಷ ನೋಡಿಲ್ಲೇನು? ಆಕಿ ತಾಯಿ ಕಂಪನಿಗೆ ಫೋನ್ ಹಚ್ಚಿ ಮಿಷಿನ್ ಕೆಟ್ಟೈತಿ ಅಂದ್ಲು." ಉಮಾಪತಿ ಕೆಟ್ಟ ಮನುಷ್ಯನಲ್ಲ, ಮೇಲಿನವರಿಗೆ ಹೆದರುವವನು. "ಯಂತ್ರಕ್ಕ ಜ್ವರ ಬರ್ತಾವೇನ್ ಫಕೀರವ್ವ? ಗುಳಿಗಿ ನುಂಗಿ ಕುಂದರು. ನಾ ಚಾ ತರಸ್ತೀನಿ."

ಅವಳು ಕೂತಳು. ಆ ದಿನ ಇಳಾ ಒಲವಿಯ ಬೆರಳು ಹಿಡಿದು, "ನಿನ್ನ ಕೈ ಯಾಕೆ ಡ್ಯಾನ್ಸ್ ಮಾಡ್ತಿದೆ?" ಎಂದು ಕೇಳಿದಳು.

ಇದಾದ ಎರಡು ತಿಂಗಳಿಗೆ, ಸೀತಾಫಲದ ಕಾಲದಲ್ಲಿ, ಎಲ್ಲ ತಲೆಕೆಳಗಾಯಿತು.

ಮಧ್ಯಾಹ್ನ ಮೂರರ ಸುಮಾರು. ವಿನುತಾ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ಒಲವಿ ಸೀತಾಫಲ ಬಿಡಿಸಿ, ಒಂದೊಂದೇ ತೊಳೆಯ ಬೀಜ ತೆಗೆದು ತಟ್ಟೆಗೆ ಹಾಕುತ್ತಿತ್ತು. ಇಳಾ ಕುಣಿಯುತ್ತಾ ಬಂದು, ಬೀಜ ತೆಗೆಯದ ಒಂದು ಹಿಡಿ ಬಾಯಿಗೆ ತುರುಕಿಕೊಂಡು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಮುಖ ಕೆಂಪಾಯಿತು, ತುಟಿ ನೀಲಿಗೆ ತಿರುಗಿತು. ಸದ್ದೇ ಇಲ್ಲ.

ಕಂಪನಿಯ ನಿಯಮದಂತೆ ಇಂಥ ಹೊತ್ತಿನಲ್ಲಿ ಕೆಂಪು ಗುಂಡಿ ಒತ್ತಬೇಕು, ವೈದ್ಯರಿಗೆ ಫೋನ್ ಸಂಪರ್ಕ ಸಿಗುವವರೆಗೆ ಕಾಯಬೇಕು. ಫಕೀರವ್ವನ ಕೈ ಕಾಯಲಿಲ್ಲ. ಅವಳು ಕುರ್ಚಿಯಲ್ಲಿ ಮುಂದೆ ಬಾಗಿ, ಇಲ್ಲದ ಮಗುವನ್ನು ಎಳೆದು, ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಗುದ್ದಿದಳು. ಮೈಸೂರಿನಲ್ಲಿ ಒಲವಿ ಮಂಡಿಯೂರಿ ಇಳಾಳ ಬೆನ್ನಿಗೆ ಗುದ್ದಿತು. ಒಂದು, ಎರಡು, ಮೂರು.

"ಯವ್ವಾ! ಉಗುಳ ನನ್ನವ್ವ! ಉಗುಳ! ಉಸರು ಬಿಡ ಇಳಾ!"

ದನಿ ಸೋಸುವ ಯಂತ್ರಕ್ಕೆ ಒಂದು ಮಿತಿಯಿತ್ತು. ಮಾತಾಡುವ ಕಂಠವನ್ನು ಅದು ಬದಲಿಸಬಲ್ಲದು. ಕಿರುಚುವ ಕಂಠ ಅದರ ಅಳತೆಯನ್ನು ಮೀರುತ್ತಿತ್ತು. ಆಗ ಅದು ಕೈಚೆಲ್ಲಿ ಇದ್ದದ್ದನ್ನು ಇದ್ದ ಹಾಗೇ ಬಿಟ್ಟುಬಿಡುತ್ತಿತ್ತು. ಪಕ್ಕದ ಕೋಣೆಯಲ್ಲಿದ್ದ ವಿನುತಾಳಿಗೆ ತನ್ನ ಮನೆಯೊಳಗೆ ಯಾರೋ ವಯಸ್ಸಾದ ಹೆಂಗಸು ಎದೆ ಒಡೆದುಕೊಂಡು ಕೂಗುವುದು ಕೇಳಿಸಿತು. ಅವಳು ಓಡಿಬಂದಾಗ ಬೀಜ ನೆಲದ ಮೇಲೆ ಬಿದ್ದಿತ್ತು. ಇಳಾ ಅಳುತ್ತಿದ್ದಳು. ಒಲವಿ ಅವಳನ್ನು ಎದೆಗೆ ಒತ್ತಿಕೊಂಡು ಕೂತಿತ್ತು. ಅದರ ಬಾಯಿಯಿಂದ ಆ ಅಪರಿಚಿತ ದನಿ ಬಿಕ್ಕುತ್ತಾ ಬರುತ್ತಿತ್ತು. "ಏನಾಗಿಲ್ಲ ನನ್ನವ್ವ. ಏನಾಗಿಲ್ಲ. ನಾ ಅದೀನಿ."

ವಿನುತಾ ಮಗುವನ್ನು ಕಿತ್ತುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಯಾರು ನೀವು?"

ಗದಗದಲ್ಲಿ ಫಕೀರವ್ವ ಕನ್ನಡಕದೊಳಗೆ ವಿನುತಾಳ ಮುಖ ನೋಡಿದಳು. ಎರಡು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವಳನ್ನು 'ನೀವು' ಎಂದಿರಲಿಲ್ಲ. ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಉಮಾಪತಿ ಓಡಿಬಂದು ಕುರ್ಚಿಯ ಹಿಂದಿನ ತಂತಿಯನ್ನು ಕಿತ್ತ. ಕನ್ನಡಕದೊಳಗೆ ಕತ್ತಲಾಯಿತು.

ಮರುದಿನದಿಂದ ಅವಳಿಗೆ ಕೆಲಸವಿಲ್ಲ ಎಂದರು. ಚಾಲಕಿಯೊಬ್ಬಳು ನಿಯಮ ಮುರಿದು ಯಂತ್ರದೊಳಗೆ ತೂರಿಕೊಂಡಿದ್ದಳು, ಅವಳನ್ನು ತೆಗೆದುಹಾಕಿದ್ದೇವೆ ಎಂದು ಕಂಪನಿ ವಿನುತಾಳಿಗೆ ಪತ್ರ ಬರೆಯಿತು. ಫಕೀರವ್ವ ಮೂರು ದಿನ ಕೋಣೆಯಲ್ಲೇ ಕೂತಳು. ಬೆಳಗಿನ ಏಳಾದರೆ ಕೈ ತಾನಾಗಿ ಮೇಲೇಳುತ್ತಿತ್ತು. ಇಳಾ ಎದ್ದಳೋ, ಹಾಲು ಕುಡಿದಳೋ, ಬೀಜ ಕೆರೆದ ಗಂಟಲು ವಾಸಿಯಾಯಿತೋ. ಕೇಳಲು ಒಂದು ಫೋನ್ ನಂಬರು ಕೂಡ ಅವಳ ಹತ್ತಿರ ಇರಲಿಲ್ಲ.

ನಾಲ್ಕನೆಯ ದಿನ ಪಕ್ಕದ ಕುರ್ಚಿಯ ಖೈರೂನ್ ಬಂದಳು. ಅವಳು ಮಂಗಳೂರಿನ ಒಬ್ಬ ಮುದುಕರನ್ನು ನೋಡಿಕೊಳ್ಳುತ್ತಿದ್ದವಳು.

"ಹಿಂಗ ಕುಂತ್ರ ಏನಾಗತೈತಿ ಫಕೀರಕ್ಕ? ಕಾರ್ಮಿಕ ಆಫೀಸಿಗೆ ಹೋಗಿ ಒಂದು ಅರ್ಜಿ ಕೊಡು."

"ಏನಂತ ಕೊಡ್ಲಿ? ನಾ ಡ್ರೈವರ್ ಅಂತ ಬರದಾರಲ್ಲ."

"ಡ್ರೈವರ್ ಕೂಸಿಗೆ ಉಣಸ್ತಾನೇನು? ನೀ ಎಲ್ಲಿ ಕೆಲಸ ಮಾಡೀದಿ ಅನ್ನೂದನ್ನ ಅವರ ಹೇಳ್ಲಿ."

ಅರ್ಜಿಯಲ್ಲಿ ಫಕೀರವ್ವ ಕೇಳಿದ್ದು ಇಷ್ಟೇ: ನಾನು ಮನೆಗೆಲಸದವಳು, ಆ ಮನೆಯ ಮಗುವನ್ನು ನೋಡಿಕೊಂಡವಳು; ಒಂದು ತಿಂಗಳು ಮೊದಲು ತಿಳಿಸದೆ ನನ್ನನ್ನು ತೆಗೆದದ್ದು ತಪ್ಪು; ಮಗುವಿಗೆ ಹೋಗಿಬರುತ್ತೇನೆ ಎಂದು ಹೇಳಲೂ ಬಿಡಲಿಲ್ಲ.

ವಿಚಾರಣೆಯ ದಿನ ಕಾರ್ಮಿಕ ಅಧಿಕಾರಿ ಶಶಿರೇಖಾ ಕುಂಬಾರ ಮೇಜಿನ ಒಂದು ಬದಿಗೆ ಫಕೀರವ್ವನನ್ನೂ ಇನ್ನೊಂದು ಬದಿಗೆ ಕಂಪನಿಯ ವಕೀಲರನ್ನೂ ಕೂರಿಸಿದರು. ಅರ್ಜಿಯ ಪ್ರತಿಯೊಂದಿಗೆ ನೋಟಿಸು ತಲುಪಿ ವಿನುತಾ ಮೈಸೂರಿನಿಂದ ಬಂದು ಕಿಟಕಿಯ ಹತ್ತಿರ ಕೂತಿದ್ದಳು. ಫಕೀರವ್ವನಿಗೆ ಅವಳ ಎಡಗೆನ್ನೆಯ ಮಚ್ಚೆ ಗೊತ್ತಿತ್ತು, ಯೋಚಿಸುವಾಗ ಬಳೆ ತಿರುಗಿಸುವುದು ಗೊತ್ತಿತ್ತು. ವಿನುತಾ ಮಾತ್ರ ಒಬ್ಬ ಅಪರಿಚಿತ ಹೆಂಗಸನ್ನು ನೋಡುವಂತೆ ನೋಡಿ ಮುಖ ತಿರುಗಿಸಿದಳು.

"ಈಕೆ ಯಾವತ್ತೂ ಆ ಮನೆಯ ಹೊಸ್ತಿಲು ದಾಟಿದವರಲ್ಲ," ಎಂದರು ವಕೀಲರು. "ಮೈಸೂರನ್ನೇ ನೋಡಿಲ್ಲ. ಗದಗದ ಶೆಡ್ಡಿನಲ್ಲಿ ಯಂತ್ರ ನಡೆಸುತ್ತಿದ್ದರು. ಮನೆಗೆಲಸದ ಕಾಯ್ದೆ ಇಲ್ಲಿ ಬರುವುದೇ ಇಲ್ಲ."

ಅಧಿಕಾರಿ ಫಕೀರವ್ವನ ಕಡೆ ತಿರುಗಿದರು. "ನೀವೇನಂತೀರಿ? ನೀವು ಎಲ್ಲಿ ಕೆಲಸ ಮಾಡತಿದ್ರಿ?"

ಫಕೀರವ್ವ ಸ್ವಲ್ಪ ಹೊತ್ತು ತನ್ನ ಕೈ ನೋಡಿಕೊಂಡಳು. ಆಮೇಲೆ ಹೇಳತೊಡಗಿದಳು. "ಅಡಗಿಮನ್ಯಾಗ ಮೂರನೇ ಡ್ರಾವರ್ ಸಿಕ್ಕೊಂತೈತ್ರಿ, ಎಡಕ್ಕ ಎತ್ತಿ ಎಳೀಬೇಕು. ಬಚ್ಚಲದಾಗ ಬಿಸಿನೀರು ಬರಾಕ ಹೊತ್ತು ಹಿಡೀತೈತಿ, ನಲವತ್ತು ಎಣಿಸೂತನ ಕೂಸಿನ್ನ ಹೊರಗ ನಿಂದ್ರಸ್ಬೇಕು. ಕೂಸಿನ ಬಲಗಾಲ ಹಿಮ್ಮಡದಾಗ ಒಂದು ಗಾಯದ ಕಲೆ ಐತಿ, ಅಲ್ಲಿ ಕಾಲುಚೀಲ ಒತ್ತಿದ್ರ ಅಳತಾಳ. ಮಧ್ಯಾಹ್ನ ಮಕ್ಕೊಳ್ಳಬೇಕಾದ್ರ ಆಕಿಗೆ ಹಿಡ್ಕೊಳ್ಳಾಕ ನಮ್ಮ ಕಿವಿ ಕೊಡಬೇಕು, ಜೋಗುಳ ಬ್ಯಾಡ..."

"ಸಾಕು, ನಿಲ್ಲಿಸಿ!" ವಿನುತಾ ಎದ್ದು ನಿಂತಿದ್ದಳು. "ಮೇಡಂ, ನನಗೆ ಇದನ್ನೆಲ್ಲಾ ಕೇಳೋಕಾಗ್ತಿಲ್ಲ. ಎರಡು ವರ್ಷ ನನ್ನ ಮನೇಲಿ ಇನ್ನೊಬ್ರು ಇದ್ರು, ನನಗೆ ಗೊತ್ತೇ ಇರ್ಲಿಲ್ಲ. ನಾನು ಅತ್ತಿದ್ದು, ಜಗಳ ಆಡಿದ್ದು ಎಲ್ಲಾ ಇವರು ನೋಡಿದ್ದಾರೆ. ನನ್ನ ಮಗಳ ಜೀವ ಉಳಿಸಿದ್ದಾರೆ, ಅದು ನಂಗೆ ಗೊತ್ತು. ಆದ್ರೆ ಮನೇಗೆ ಹೋದ್ರೆ ಯಾವ ಮೂಲೇಲೂ ನಿಂತ್ಕೊಳೋಕೆ ಆಗ್ತಿಲ್ಲ ನಂಗೆ."

ಫಕೀರವ್ವ ತಲೆಯೆತ್ತಲಿಲ್ಲ.

"ನೀವು ಸೀರಿ ಉಡೂ ಮುಂದ ನಾ ಗ್ವಾಡಿ ಕಡೆ ಮುಖ ಮಾಡತಿದ್ದೆರಿ ಅವ್ವಾರ. ಅಳೂ ಮುಂದ ಎಲ್ಲಿ ನೋಡ್ಬೇಕು ಅಂತ ನನಗ ಗೊತ್ತಾಗತಿದ್ದಿಲ್ಲ. ಒಮ್ಮೊಮ್ಮೆ ತಲಿ ಮ್ಯಾಲ ಕೈ ಇಡಬೇಕು ಅನಸತಿತ್ತು. ಮಿಷಿನ್ ಹಂಗ ಮಾಡಿದ್ರ ಅಂಜತೀರಿ ಅಂತ ಸುಮ್ಮನಾಗತಿದ್ದೆ."

ವಿನುತಾ ನಿಧಾನವಾಗಿ ಕೂತಳು. ಎರಡು ಸಲ ಕತ್ತಿನ ರಿಪೇರಿಗೆ ಕೊಟ್ಟದ್ದು ಅವಳಿಗೆ ನೆನಪಾಗಿರಬೇಕು. ಬಳೆ ತಿರುಗಿಸುತ್ತಿದ್ದ ಕೈ ನಿಂತಿತು.

ಅಧಿಕಾರಿ ಅವಳಿಗೆ ತಿಳಿಸಿ ಹೇಳಿದರು. "ನೋಡ್ರಿ, ನಿಮಗೆ ಒಂದು ಪ್ರಶ್ನೆ ಕೇಳತೀನಿ. ಉತ್ತರ ಕೊಡೂದಕ್ಕಿಂತ ಮೊದಲು ತಿಳಕೋರಿ. ಈಕೆ ನಿಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಹೌದು ಅಂದ್ರ, ನೀವು ಈಕೆಯ ಮಾಲೀಕರಾಗತೀರಿ. ಎರಡು ವರ್ಷ ಬಿಡುವು ಕೊಟ್ಟಿಲ್ಲ, ಹನ್ನೆರಡು ತಾಸು ದುಡಿಸಿದ್ದೀರಿ ಅಂತ ದಾಖಲೆ ಆಗತೈತಿ. ಕಂಪನಿ ಮುಚ್ಚಿಟ್ಟಿತ್ತು ಅನ್ನೂದನ್ನ ನಾನೂ ಬರೀತೀನಿ, ಆದ್ರ ನಿಮ್ಮ ಹೆಸರು ಅದರಾಗ ಇರತೈತಿ. ಇಲ್ಲ ಅಂದ್ರ, ನಿಮ್ಮ ಮಟ್ಟಿಗೆ ಮುಗೀತು."

ವಕೀಲರು ವಿನುತಾಳ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು, ಇಲ್ಲ ಅನ್ನಿ ಎಂಬಂತೆ.

ವಿನುತಾ ಅವರ ಕಡೆ ನೋಡಲಿಲ್ಲ. "ಇಳಾಗೆ ಕಿವಿ ಹಿಡ್ಕೊಂಡೇ ಮಲಗ್ಬೇಕು ಅಂತ ನಂಗೇ ಗೊತ್ತಿರ್ಲಿಲ್ಲ," ಎಂದಳು. "ಈ ಮೂರು ವಾರ ಅವಳು ಮಧ್ಯಾಹ್ನ ಯಾಕೆ ನಿದ್ದೆ ಮಾಡ್ತಿಲ್ಲ ಅಂತ ಗೊತ್ತಾಗದೆ ಒದ್ದಾಡ್ತಿದ್ದೀನಿ." ಆಮೇಲೆ ಅಧಿಕಾರಿಯನ್ನು ನೇರ ನೋಡಿ ಹೇಳಿದಳು, "ಹೌದು ಮೇಡಂ. ಇವರು ನಮ್ಮನೇಲೇ ಕೆಲಸ ಮಾಡಿದ್ದು. ಬರ್ಕೊಳ್ಳಿ."

ಒಬ್ಬರ ಕೈ ಎಲ್ಲಿ ಕೆಲಸ ಮಾಡುತ್ತದೋ ಅದೇ ಅವರ ಕೆಲಸದ ಸ್ಥಳ ಎಂದು ಹತ್ತು ದಿನಕ್ಕೆ ಆದೇಶ ಬಂತು. ಕುರ್ಚಿಯಲ್ಲಿ ಕೂತವರೆಲ್ಲ ಮನೆಗೆಲಸದವರೇ. ಅವರ ಹೆಸರು, ಮುಖ ಆಯಾ ಮನೆಯವರಿಗೆ ತಿಳಿಸಬೇಕು. ಎಂಟು ಗಂಟೆ, ವಾರದ ಬಿಡುವು ಕೊಡಬೇಕು. ಸ್ವಂತ ದನಿಯಲ್ಲಿ ಮಾತಾಡುವುದು ಬಿಡುವುದು ಕೆಲಸದವರ ಇಷ್ಟ. ಫಕೀರವ್ವನನ್ನು ತಿರುಗಿ ಕೆಲಸಕ್ಕೆ ತೆಗೆದುಕೊಳ್ಳಬೇಕು. ಬಿಡಿಸುವುದೇ ಆದರೆ ಒಂದು ತಿಂಗಳು ಮುಂಚೆ ತಿಳಿಸಿ ಬಿಡಿಸಬೇಕು.

ಗೆದ್ದದ್ದು ಹೌದು. ಗೆದ್ದ ವಾರವೇ ಹನ್ನೊಂದು ಮನೆಯವರು ಒಲವಿಯನ್ನು ವಾಪಸು ಕಳಿಸಿದರು. ಬಚ್ಚಿಟ್ಟುಕೊಂಡು ನೋಡುವವರು ನಮಗೆ ಬೇಡ ಎಂದರು. ಹನ್ನೊಂದು ಕುರ್ಚಿ ಖಾಲಿಯಾದವು. ಫಕೀರವ್ವ ಶೆಡ್ಡಿಗೆ ಬಂದರೆ ಕೆಲವರು ಮಾತು ನಿಲ್ಲಿಸುತ್ತಿದ್ದರು. ಖೈರೂನಳ ಮುದುಕರು ಮಾತ್ರ, ಇಷ್ಟು ದಿನ ಗೋಡೆಯ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ ಎಂದು ಇಡೀ ದಿನ ಹರಟತೊಡಗಿದ್ದರು. ಖೈರೂನ್ ಅದನ್ನು ಹೇಳಿ ನಕ್ಕಾಗ ಫಕೀರವ್ವನೂ ನಗಲು ನೋಡಿದಳು.

ವಿನುತಾ ಅಂಚೆಯಲ್ಲಿ ನೇಮಕದ ಪತ್ರ ಕಳಿಸಿದಳು. ಅದರ ಜೊತೆಗೇ ಇನ್ನೊಂದು ಕಾಗದವಿತ್ತು: ಇಂದಿನಿಂದ ಒಂದು ತಿಂಗಳಿಗೆ ಕೆಲಸ ಮುಗಿಯುತ್ತದೆ. ಕೆಳಗೆ ಕೈಬರಹದಲ್ಲಿ, 'ತಪ್ಪು ತಿಳಿಯಬೇಡಿ. ನಿಮ್ಮ ಮೇಲೆ ಕೋಪವಿಲ್ಲ. ನನ್ನಿಂದ ಆಗುತ್ತಿಲ್ಲ. ಇಳಾಳನ್ನು ಶಿಶುವಿಹಾರಕ್ಕೆ ಸೇರಿಸುತ್ತಿದ್ದೇನೆ' ಎಂದು ಬರೆದಿದ್ದಳು. ಕಾಯ್ದೆಯಲ್ಲಿ ಇದ್ದಂತೆಯೇ ಎಲ್ಲ ಇತ್ತು. ತಪ್ಪು ಹುಡುಕಲು ಏನೂ ಇರಲಿಲ್ಲ.

ಮೊದಲ ದಿನ ಫಕೀರವ್ವ ದನಿ ಸೋಸುವ ಯಂತ್ರವನ್ನು ಬಂದ್ ಮಾಡಿ ಕೂತಳು. ಒಲವಿ ಕಣ್ಣು ಬಿಟ್ಟಿತು. ಇಳಾ ಮಂಚದಿಂದ ಜಿಗಿದು, ತೋಳು ಚಾಚಿ ಓಡಿಬಂದಳು.

"ಬಾ ನನ್ನವ್ವ, ಹೆಂಗದಿ?" ಎಂದಳು ಫಕೀರವ್ವ, ತನ್ನದೇ ದನಿಯಲ್ಲಿ.

ಇಳಾ ನಡುದಾರಿಯಲ್ಲಿ ನಿಂತಳು. ಅವಳ ಮುಖ ಸಣ್ಣದಾಯಿತು. ಸೀತಾಫಲದ ಆ ಮಧ್ಯಾಹ್ನ, ಉಸಿರು ಕಟ್ಟಿದಾಗ ಕಿವಿಗೆ ಬಿದ್ದ ದನಿ ಅದು. ಕಿರುಚಿಕೊಂಡು ತಾಯಿಯ ಹಿಂದೆ ಅಡಗಿದಳು. "ಈ ಒಲವಿ ಬೇಡ! ನಮ್ ಒಲವಿ ಬೇಕು!"

ಮಧ್ಯಾಹ್ನದವರೆಗೂ ಒಂದು ತುತ್ತು ಮುಟ್ಟಲಿಲ್ಲ. ವಿನುತಾ ಒಲವಿಯ ಮುಂದೆ ಬಂದು ನಿಂತಳು, ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಅದರ ಭುಜ ನೋಡುತ್ತಾ ಹೇಳಿದಳು, "ಫಕೀರವ್ವನೋರೇ, ನಿಮಗೆ ಹೇಳೋ ಹಕ್ಕು ನಂಗಿಲ್ಲ. ಅದು ನಿಮ್ಮಿಷ್ಟ ಅಂತ ಆದೇಶದಲ್ಲೇ ಇದೆ. ಆದ್ರೂ... ಮಗು ಊಟ ಮಾಡ್ತಿಲ್ಲ."

ಫಕೀರವ್ವ ಕೈ ಚಾಚಿ ದನಿ ಸೋಸುವ ಗುಂಡಿ ಒತ್ತಿದಳು. "ಬಾ ಪುಟ್ಟಾ, ಊಟ ಮಾಡೋಣ," ಎಂದಿತು ಒಲವಿ ಇಂಪಾಗಿ. ಇಳಾ ಬಂದು ತೊಡೆಯೇರಿದಳು. ಆ ಗುಂಡಿಯನ್ನು ಫಕೀರವ್ವ ಮತ್ತೆ ಬಂದ್ ಮಾಡಲಿಲ್ಲ.

ಕಾಯ್ದೆ ಕೊಟ್ಟ ಬಿಡುವಿನ ದಿನ ಭಾನುವಾರ. ಮೊದಲ ಎರಡು ಭಾನುವಾರ ಅವಳು ಬಟ್ಟೆ ಒಗೆದು, ಒಣಗಿಸಿ, ಮಡಿಸಿ, ಮತ್ತೇನು ಮಾಡಬೇಕೆಂದು ತಿಳಿಯದೆ ಬಾಗಿಲಲ್ಲಿ ಕೂತಳು. ಮೂರನೆಯ ಶನಿವಾರ ನೇಮಕದ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಮೈಸೂರಿನ ರೈಲು ಹತ್ತಿದಳು. ಆ ಪತ್ರದಲ್ಲಿ ಮಾಲೀಕರ ವಿಳಾಸವಿತ್ತು.

ಬೆಳಗ್ಗೆ ಹತ್ತರ ಹೊತ್ತಿಗೆ ಆ ಬೀದಿ ಸಿಕ್ಕಿತು. ಮನೆ ಸಿಗಲಿಲ್ಲ. ಎರಡು ಸಲ ಅದರ ಮುಂದೆಯೇ ಹಾದುಹೋದಳು. ಒಳಗಿನ ಪ್ರತಿಯೊಂದು ಸ್ವಿಚ್ಚೂ ಗೊತ್ತಿದ್ದ ಮನೆಯನ್ನು ಹೊರಗಿನಿಂದ ಅವಳು ಒಮ್ಮೆಯೂ ಕಂಡಿರಲಿಲ್ಲ. ಗೇಟು ಹಸಿರು ಬಣ್ಣದ್ದು, ಮೆಟ್ಟಿಲ ಪಕ್ಕ ಕಣಗಿಲೆ ಗಿಡವಿದೆ ಎಂದು ಇನ್ನೊಬ್ಬರ ಮನೆ ನೋಡುವಂತೆ ನೋಡಿ, ನಂಬರು ಓದಿ, ಕರೆಗಂಟೆ ಒತ್ತಿದಳು.

ಬಾಗಿಲು ತೆರೆದ ವಿನುತಾ ಅವಳ ಮುಖವನ್ನೂ ಚೀಲವನ್ನೂ ನೋಡಿದಳು. ಆಮೇಲೆ, "ಬನ್ನಿ. ಒಳಗೆ ಬನ್ನಿ," ಎಂದು ದಾರಿ ಬಿಟ್ಟಳು.

"ಹಂಗ ಸುಮ್ಮನ ಬಂದೆರಿ. ಕೂಸಿನ್ನ ಒಂದ್ಸಲ ನೋಡಿ ಹೋಗತೀನಿ."

ಅವಳನ್ನು ಸೋಫಾದ ಮೇಲೆ ಕೂರಿಸಿ ವಿನುತಾ ಚಹಾ ಮಾಡಲು ಹೋದಳು. ಅಡುಗೆಮನೆಯಿಂದ ಡ್ರಾವರ್ ಎಳೆಯಲಾಗದೆ ಗುದ್ದಾಡುವ ಸದ್ದು ಬಂತು. ಎದ್ದು ಹೋಗಿ ಎಡಕ್ಕೆ ಎತ್ತಿಕೊಡಲೇ ಎಂದು ಫಕೀರವ್ವನಿಗೆ ಅನಿಸಿತು. ಬಂದವರು ಹಾಗೆ ಅಡುಗೆಮನೆಗೆ ನುಗ್ಗಬಾರದು ಎಂದು ಕೂತಳು. ಮನೆ ಅವಳು ತಿಳಿದದ್ದಕ್ಕಿಂತ ಚಿಕ್ಕದಾಗಿತ್ತು. ಅದಕ್ಕೊಂದು ವಾಸನೆಯಿತ್ತು, ಸಾಂಬ್ರಾಣಿಯದೋ ಹಳೆಯ ಪುಸ್ತಕದ್ದೋ. ಒಲವಿಗೆ ಮೂಗಿರಲಿಲ್ಲವಾದ್ದರಿಂದ ಅದು ಅವಳಿಗೆ ಹೊಸದು.

ಹಾಲಿನ ಮೂಲೆಯಲ್ಲಿ ಒಲವಿ ನಿಂತಿತ್ತು, ಭಾನುವಾರದ ಕಣ್ಣು ಮುಚ್ಚಿಕೊಂಡು, ಕೈ ಇಳಿಬಿಟ್ಟು. ಅದರ ಹಿಂದಿನಿಂದ ಇಳಾ ಇಣುಕುತ್ತಿದ್ದಳು.

ಕನ್ನಡಕದಲ್ಲಿ ಕಂಡದ್ದಕ್ಕಿಂತ ಕಪ್ಪು ಕಣ್ಣು. ಫಕೀರವ್ವ ನಕ್ಕು ಕೈ ಚಾಚಿದಳು. ಇಳಾ ಇನ್ನಷ್ಟು ಹಿಂದೆ ಸರಿದು ಒಲವಿಯ ತೋರುಬೆರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು, ಹೆದರಿಕೆಯಾದಾಗಲೆಲ್ಲ ಹಿಡಿಯುವಂತೆ. ಫಕೀರವ್ವ ತನ್ನ ತೋರುಬೆರಳನ್ನು ನೋಡಿಕೊಂಡಳು. ಅದು ತಣ್ಣಗೆ ಮಡಿಲಲ್ಲಿ ಬಿದ್ದಿತ್ತು. ಅದಕ್ಕೆ ಏನೂ ಗೊತ್ತಾಗಲಿಲ್ಲ.

ಚಹಾ ತಂದಿಟ್ಟ ವಿನುತಾ ಇದನ್ನು ಕಂಡಳು. "ಇಳಾ, ಬಾ ಇಲ್ಲಿ. ಇವರು ಯಾರು ಗೊತ್ತಾ? ಇವರೇ ನಮ್ಮ..."

ಫಕೀರವ್ವ ಬೇಡವೆಂದು ಕೈಯಾಡಿಸಿದಳು. ಬಾಯಿ ತೆರೆದರೆ ಆ ದನಿ ಕೇಳಿ ಮಗು ಬೆಚ್ಚಿಬಿದ್ದೀತು ಎಂದು ತುಟಿ ಬಿಗಿದಳು. ಚಹಾ ಕುಡಿಯುತ್ತಾ ಮಗುವನ್ನು ಕಣ್ಣು ತುಂಬ ನೋಡಿದಳು. ಕಣ್ಣು ತುಂಬಿದ್ದು ಹರಿಯಿತು, ಸೆರಗಿನಲ್ಲಿ ಒರೆಸಿಕೊಂಡಳು. ಲೋಟ ಖಾಲಿಯಾದ ಮೇಲೆ ಎದ್ದು, ವಿನುತಾಳಿಗೆ ಕೈಮುಗಿದು ಹೊರಟಳು. ಗೇಟಿನವರೆಗೆ ಬಂದ ವಿನುತಾ ಅವಳ ಎರಡೂ ಕೈಗಳನ್ನು ಹಿಡಿದುಕೊಂಡು ಬಿಟ್ಟಳು.

ಸೋಮವಾರ ಬೆಳಗ್ಗೆ ಒಲವಿ ಕಣ್ಣು ಬಿಟ್ಟಿತು. ಇಳಾ ಕಾಯುತ್ತಾ ಕೂತಿದ್ದಳು.

"ಒಲವಿ, ನಿನ್ನೆ ನಮ್ಮನೇಗೆ ಒಂದು ಅಜ್ಜಿ ಬಂದಿತ್ತು."

ಫಕೀರವ್ವ ಅವಳ ಅಂಗಿಯ ಗುಂಡಿ ಹಾಕುತ್ತಾ ಕೇಳಿದಳು, "ಹೌದೇನು? ಏನಂದ್ಲು ಆ ಅಜ್ಜಿ?" ಅದು ಇಂಪಾಗಿ ಸೋಸಿಕೊಂಡು ಮೈಸೂರು ಮುಟ್ಟಿತು.

"ಏನೂ ಅನ್ಲಿಲ್ಲ. ಟೀ ಕುಡೀತು. ಅಳ್ತಿತ್ತು. ನಂಗೆ ಭಯ ಆಯ್ತು."

ಫಕೀರವ್ವನ ಬೆರಳು ಮೂರನೆಯ ಗುಂಡಿಯ ಮೇಲೆ ತಡೆಯಿತು. ಕೆಲಸ ಮುಗಿಯಲು ಇನ್ನು ಒಂಬತ್ತು ದಿನ ಉಳಿದಿತ್ತು. "ಆ ಅಜ್ಜಿ ನಾನ, ಇಳಾ," ಎಂದಳು.

"ಆ ಅಜ್ಜಿ ನಾನೇ ಪುಟ್ಟಾ," ಎಂದಿತು ಒಲವಿ.

ಇಳಾ ಪಕ್ಕನೆ ನಕ್ಕು ತಲೆಯಾಡಿಸಿದಳು. "ಸುಳ್ಳು! ನೀನು ಇಲ್ಲೇ ಇದ್ದೆ. ನಾನು ನಿನ್ನ ಬೆರಳು ಹಿಡ್ಕೊಂಡಿದ್ದೆ, ಹೀಗೆ." ಎಂದು ಹಿಡಿದು ತೋರಿಸಿದಳು.

ಗದಗದಲ್ಲಿ, ಹದಿನೇಳನೆಯ ಕುರ್ಚಿಯಲ್ಲಿ, ಕೈಗವಸಿನೊಳಗೆ ಒಂದು ಬೆರಳು ಬೆಚ್ಚಗಾಯಿತು. ಫಕೀರವ್ವ ಆ ಬಿಸಿಯನ್ನು ಹಿಡಿದು ಕೂತಳು.

"ಹೌದವ್ವ," ಎಂದಳು. "ನಾ ಇಲ್ಲೇ ಇದ್ದೆ."

"ಹೌದು ಪುಟ್ಟಾ," ಎಂದಿತು ಒಲವಿ. "ನಾನು ಇಲ್ಲೇ ಇದ್ದೆ."